ಪಟ್ಟಿಯನ್ನು ಪೂರ್ತಿ ಓದದ ಪರೀಕ್ಷೆ

ಬೆಲ್ಲದ ಬಾಗೇವಾಡಿಯ ಸುತ್ತ ಕಬ್ಬಿನ ಟ್ರ್ಯಾಕ್ಟರ್ ಕಾರ್ಖಾನೆಯ ಕಾಟಾ ಹತ್ತಿ ಇಳಿದರೆ ತೂಕದ ಚೀಟಿ ಕೈಗೆ ಬರುತ್ತದೆ. ರೈತನ ಬಿಲ್ಲು ನಿಲ್ಲುವುದು ಅದರ ಮೇಲೆ. ಇಂಥ ಚೀಟಿಗಳ ಪಟ್ಟಿ ತೋರಿಸುವ ಒಂದು ತಂತ್ರಾಂಶವಿದೆ ಅಂದುಕೊಳ್ಳೋಣ. ಅದಕ್ಕೆ ನಮ್ಮವರು ಬರೆಯುವ ಟೆಸ್ಟ್ ಸ್ಕ್ರಿಪ್ಟ್ ಎಷ್ಟು ಗಟ್ಟಿ?

ಹೆಚ್ಚಿನವರು ಎಣಿಕೆ ನೋಡಿ ಬಿಡುತ್ತಾರೆ. ಮೂರು ಚೀಟಿ ಬರಬೇಕಿತ್ತು, ಮೂರು ಬಂದವು, ಪಾಸ್. ಅವು ಯಾರ ಚೀಟಿ ಎಂದು ಕೇಳಿದವರಿಲ್ಲ. ಇನ್ನು ಕೆಲವರು ಲೂಪ್ ಹಾಕಿ ಪ್ರತಿ ಸಾಲನ್ನೂ ನೋಡುತ್ತಾರೆ. ಆದರೆ ಪಟ್ಟಿ ಖಾಲಿಯಾಗಿದ್ದರೆ ಲೂಪ್ ಒಮ್ಮೆಯೂ ತಿರುಗುವುದಿಲ್ಲ, ಟೆಸ್ಟ್ ಮಾತ್ರ ಹಸಿರು. ಪೈಥಾನಿನ ‘ಆಲ್’ ಕೂಡ ಖಾಲಿ ಪಟ್ಟಿಗೆ ‘ಹೌದು’ ಅನ್ನುತ್ತದೆ. ಬ್ರೌಸರ್ ಪರೀಕ್ಷೆಯ ಸಾಧನವಾದ ಸೆಲೆನಿಯಮ್‌ಗೆ ಸಾಲುಗಳ ಪಟ್ಟಿ ಕೇಳಿದರೆ, ಪುಟದಲ್ಲಿ ಒಂದೂ ಸಾಲು ಸಿಗದಿದ್ದಾಗ ಅದು ತಪ್ಪು ತೋರಿಸದೆ ಖಾಲಿ ಪಟ್ಟಿ ಕೊಡುವುದರಿಂದ, ಈ ಎರಡೂ ಸೇರಿದಲ್ಲಿ ಮೋಸ ಖಚಿತ.

ಅನುಕ್ರಮದ ತಲೆನೋವು ಬೇಡವೆಂದು ಎರಡೂ ಕಡೆಯನ್ನು ಸೆಟ್ ಮಾಡಿ ಹೋಲಿಸುವವರೂ ಇದ್ದಾರೆ. ನನಗೆ ಇದೇ ಎಲ್ಲಕ್ಕಿಂತ ಅಪಾಯದ್ದು ಅನಿಸುತ್ತದೆ. ಒಬ್ಬ ರೈತ ಒಂದೇ ದಿನ ಎರಡು ಖೇಪು ಕಳಿಸಿ, ಎರಡರ ತೂಕವೂ ಒಂದೇ ಬಂದು, ಸ್ಕ್ರಿಪ್ಟ್ ಹೆಸರು ಮತ್ತು ತೂಕವನ್ನಷ್ಟೇ ನೋಡಿದರೆ, ಸೆಟ್‌ನಲ್ಲಿ ಉಳಿಯುವುದು ಒಂದೇ. ಒಂದು ಖೇಪಿನ ದುಡ್ಡು ಕಳೆದರೂ ಟೆಸ್ಟ್ ಸುಮ್ಮನಿರುತ್ತದೆ. ಇದಕ್ಕೆ ಸರಿಯಾದ ಸಾಧನ ಈಗಾಗಲೇ ಇದೆ: ಪೈಥಾನಿನ ‘ಅಸರ್ಟ್ ಕೌಂಟ್ ಈಕ್ವಲ್’, ಜಾವಾದಲ್ಲಿ ಅಸರ್ಟ್‌ಜೆಯ ‘ಕಂಟೇನ್ಸ್ ಎಕ್ಸಾಕ್ಟ್ಲಿ ಇನ್ ಎನಿ ಆರ್ಡರ್’. ಎರಡೂ ಅನುಕ್ರಮ ಬಿಟ್ಟು, ಯಾವುದು ಎಷ್ಟು ಸಲ ಬಂದಿದೆ ಎಂಬುದನ್ನು ನೋಡುತ್ತವೆ.

ಕನ್ನಡದ ಪಟ್ಟಿಗೆ ಇನ್ನೊಂದು ತೊಡಕಿದೆ. ಬಾಗೇವಾಡಿಯ ‘ಗೇ’ ಅಕ್ಷರದ ಏತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್‌ಗಳ ಸಾದಾ ಹೋಲಿಕೆಗೆ ಬೇರೆ ಬೇರೆ. ಹುಕ್ಕೇರಿ, ಗೋಕಾಕಗಳಿಗೂ ಇದೇ ಗತಿ, ಮೂಡಲಗಿ ಮಾತ್ರ ಪಾರು. ಹೋಲಿಸುವ ಮುನ್ನ ಎರಡೂ ಕಡೆಯನ್ನು ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಪ್ರಮಾಣಿತ ರೂಪಕ್ಕೆ ತಂದರೆ ಈ ಕಾಟ ತಪ್ಪುತ್ತದೆ.

ಅನುಕ್ರಮವನ್ನೇ ಪರೀಕ್ಷಿಸಬೇಕಾದಾಗ ವರ್ಣಮಾಲೆಯನ್ನು ಮರೆಯಬಾರದು. ನಮ್ಮಲ್ಲಿ ‘ಳ’ ಬರುವುದು ‘ಹ’ ಆದಮೇಲೆ, ಯೂನಿಕೋಡ್ ಸಂಕೇತಗಳ ಸಾಲಿನಲ್ಲಿ ಅದು ‘ವ’ಕ್ಕಿಂತ ಮೊದಲು. ಹಾಗಾಗಿ ಬರೀ ಸಂಕೇತದ ಪ್ರಕಾರ ಜೋಡಿಸಿದರೆ ಮಳವಳ್ಳಿ ಮಸ್ಕಿಗಿಂತ ಮುಂದೆ ನಿಲ್ಲುತ್ತದೆ. ಟೆಸ್ಟ್ ಕೂಡ ಅದೇ ಕ್ರಮವನ್ನು ಸರಿ ಎಂದು ಬರೆದುಕೊಂಡಿದ್ದರೆ ತಪ್ಪು ಹಿಡಿಯುವವರು ಯಾರು?

ಟೆಸ್ಟ್ ಬರೆಯುವವರಲ್ಲಿ ನನ್ನದೊಂದೇ ಕೇಳಿಕೆ. ಹಸಿರು ಕಂಡ ಮೇಲೆ ದತ್ತಾಂಶದಿಂದ ಬೇಕೆಂದೇ ಒಂದು ಚೀಟಿ ತೆಗೆಯಿರಿ, ಇನ್ನೊಂದನ್ನು ಎರಡು ಸಲ ಹಾಕಿ, ಕೊನೆಗೆ ಪಟ್ಟಿಯನ್ನೇ ಖಾಲಿ ಮಾಡಿ. ಮೂರರಲ್ಲಿ ಒಂದು ಸಲ ಕೆಂಪು ಬಾರದಿದ್ದರೂ ಆ ಅಸರ್ಷನ್ನನ್ನು ಅಳಿಸಿ ಹೊಸದಾಗಿ ಬರೆಯಿರಿ.