‘ವಯಾ’ ಎಂಬ ಚೊಕ್ಕ ಸಾಲು

ಹ್ಯಾಸ್ಕೆಲ್‌ನಲ್ಲಿ ಮೊದಲೆಲ್ಲ ಮಾನಾಯ್ಡ್ ಇನ್‌ಸ್ಟೆನ್ಸ್‌ಗಳು ಒಂದೇ ಅಚ್ಚಿನಿಂದ ಇಳಿದ ಇಟ್ಟಿಗೆಗಳಂತಿದ್ದವು. ಪಾರ್ಸರ್‌ಗೂ ಅದೇ ಎರಡು ಸಾಲು, ಇನ್ನೊಂದು ಆಪ್ಲಿಕೇಟಿವ್‌ಗೂ ಅದೇ: ಖಾಲಿ ಮೌಲ್ಯಕ್ಕೆ ‘ಪ್ಯೂರ್’, ಜೋಡಣೆಗೆ ‘ಲಿಫ್ಟ್‌ಎ2’. ಬ್ಲೊಂಡಾಲ್, ಲೋ, ಸ್ಕಾಟ್ ಎಂಬ ಮೂವರು ರೂಪಿಸಿ, 2018ರಲ್ಲಿ ಜಿಎಚ್‌ಸಿ ಕಂಪೈಲರ್‌ನ 8.6 ಆವೃತ್ತಿಯೊಂದಿಗೆ ಬಂದ ‘ಡಿರೈವಿಂಗ್ ವಯಾ’ ಎಂಬ ಸೌಲಭ್ಯ ಈ ನಕಲನ್ನು ಎಷ್ಟು ನಾಜೂಕಾಗಿ ತೆಗೆಯಿತು! ಆ ಸಾಲುಗಳು ‘ಎಪಿ’ ಎಂಬ ನ್ಯೂಟೈಪ್‌ನಲ್ಲಿ ಒಮ್ಮೆ ಇದ್ದರೆ ಸಾಕು. ನಮ್ಮ ಟೈಪ್ ‘ವಯಾ ಎಪಿ’ ಎಂದು ಎರವಲು ಪಡೆಯುತ್ತದೆ.

ಸೊಗಸು ಇರುವುದು ಒಳಗೆ. ನ್ಯೂಟೈಪ್‌ನ ಹೊದಿಕೆ ಕಂಪೈಲರ್‌ನ ಕಣ್ಣಿಗಷ್ಟೇ ಕಾಣುವಂಥದ್ದು, ಮೆಮೊರಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಹಾಗಾಗಿ ‘ವಯಾ’ದ ಹಿಂದೆ ಕೆಲಸ ಮಾಡುವ ‘ಕೊಅರ್ಸ್’ ಎಂಬ ಫಂಕ್ಷನ್ ಏನನ್ನೂ ನಕಲಿಸದೆ, ಬಿಚ್ಚಿ ಕಟ್ಟದೆ, ಇದ್ದ ಫಂಕ್ಷನ್ನನ್ನೇ ಹೊಸ ಟೈಪಿಗೆ ಒಪ್ಪಿಸುತ್ತದೆ. ಟ್ರಾವರ್ಸಬಲ್ ಇನ್‌ಸ್ಟೆನ್ಸನ್ನು ಹೀಗೆ ಕೇಳಿದರೆ ಮಾತ್ರ ಕಂಪೈಲರ್ ಖಡಾಖಂಡಿತ ನಿರಾಕರಿಸುತ್ತದೆ: ಯಾವುದೋ ಆಪ್ಲಿಕೇಟಿವ್‌ನ ಒಳಗೂ ರೂಪ ಒಂದೇ ಎಂದು ಅದು ನಂಬುವುದಿಲ್ಲ. ಆ ಹಟವೂ ನನಗೆ ಇಷ್ಟ.