ನಾಯಕನೂ ವಿದೂಷಕನೂ

ಪ್ರಾಸಬದ್ಧವಾದ ಮಾತನ್ನು ತಾಳಕ್ಕೆ ಹೊಂದಿಸಿ ನುಡಿಯುವ ಅಮೇರಿಕೆಯ ‘ಹಿಪ್‌ಹಾಪ್’ ಪದ್ಧತಿಯು ಕಾವ್ಯವೆನಿಸೀತೆ ಎಂದು ಶಂಕಿಸುವ ವಾಚಕರುಂಟು. ಭಾಮಹನು ಕಾವ್ಯದಲ್ಲಿ ಅಪೇಕ್ಷಿಸಿದುದು ಶಬ್ದಾರ್ಥಗಳ ಸಹಭಾವವನ್ನೇ ಹೊರತು ರಾಗವನ್ನಲ್ಲ. ಆದುದರಿಂದ ಆ ಶಂಕೆಯನ್ನು ಬದಿಗಿರಿಸಿ, ಈ ಪದ್ಧತಿಯ ಪ್ರಖ್ಯಾತ ಮೇಳವಾದ ‘ಪಬ್ಲಿಕ್ ಎನಿಮಿ’ಯ ಕೃತಿಗಳಲ್ಲಿ ರಸವು ಹೇಗೆ ಸಿದ್ಧಿಸಿದೆಯೆಂದು ವಿಚಾರಿಸುವುದು ಯುಕ್ತವಾಗಿದೆ.

ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಹುಟ್ಟಿದ ಈ ಮೇಳದ ನಾಯಕರು ಚಕ್ ಡಿ. ಕಾರ್ಲ್‌ಟನ್ ರೈಡನ್‌ಅವರ್ ಎಂಬುದು ನಿಜನಾಮ. ೧೯೮೭ರಲ್ಲಿ ಮೊದಲ ಧ್ವನಿಮುದ್ರಿಕೆ ಹೊರಟಿತು. ೧೯೮೮ರ ‘ಇಟ್ ಟೇಕ್ಸ್ ಎ ನೇಷನ್ ಆಫ್ ಮಿಲಿಯನ್ಸ್ ಟು ಹೋಲ್ಡ್ ಅಸ್ ಬ್ಯಾಕ್’, ೧೯೯೦ರ ‘ಫಿಯರ್ ಆಫ್ ಎ ಬ್ಲಾಕ್ ಪ್ಲಾನೆಟ್’ ಇವುಗಳಿಂದ ಕೀರ್ತಿಯು ದೇಶಾಂತರಗಳಿಗೆ ಹಬ್ಬಿತು. ಚಕ್ ಡಿಯವರ ಕಂಠವು ಗಂಭೀರ. ವಿಷಯವು ಕಪ್ಪು ಜನರು ತಮ್ಮ ದೇಶದಲ್ಲಿಯೇ ಅನುಭವಿಸಿದ ಅನ್ಯಾಯ. ಹ್ಯಾಂಕ್ ಶಾಕ್ಲಿ ಮೊದಲಾದವರು ಹಳೆಯ ಮುದ್ರಿಕೆಗಳಿಂದ ತುಣುಕುಗಳನ್ನಾಯ್ದು ಪದರಪದರವಾಗಿ ಜೋಡಿಸಿದ ಘೋಷವು ಆ ಕಂಠಕ್ಕೆ ಉದ್ದೀಪನವಾಯಿತು.

ಆದರೆ ವೀರರೌದ್ರಗಳೇ ಎಡೆಬಿಡದೆ ಸಾಗಿದರೆ ಸಹೃದಯನು ಬಳಲುವನು; ಕಾವ್ಯವು ಬೋಧನೆಯಾಗುವುದು. ಈ ಅಪಾಯವನ್ನು ತಪ್ಪಿಸಿದವರು ಕೊರಳಿಗೆ ದೊಡ್ಡ ಗಡಿಯಾರವನ್ನು ತೂಗಹಾಕಿಕೊಂಡು ರಂಗದ ಮೇಲೆ ಕುಣಿಯುವ ಫ್ಲೇವರ್ ಫ್ಲೇವ್. ಧ್ವನಿಮುದ್ರಣ ಸಂಸ್ಥೆಯವರಿಗೆ ಇವರಿಂದೇನು ಪ್ರಯೋಜನವೆಂದು ತೋರಲಿಲ್ಲ. ಚಕ್ ಡಿಯವರು ಬಿಡದೆ ಜೊತೆಗಿಟ್ಟುಕೊಂಡರು. ಮೃಚ್ಛಕಟಿಕದ ಮೈತ್ರೇಯನನ್ನು ಸ್ಮರಿಸೋಣ. ಅವನು ನಗಿಸುವುದಕ್ಕಾಗಿಯೇ ಬಂದವನಲ್ಲ. ಚಾರುದತ್ತನ ಬಡತನದ ಕಹಿಯನ್ನು ಬಲ್ಲವನು.

ಇದಕ್ಕೆ ನಿದರ್ಶನ ‘೯೧೧ ಈಸ್ ಎ ಜೋಕ್’. ೯೧೧ ಎಂಬುದು ಅಮೇರಿಕೆಯಲ್ಲಿ ಆಪತ್ತಿನಲ್ಲಿ ಕರೆಯುವ ದೂರವಾಣಿಯ ಸಂಖ್ಯೆ. ಕಪ್ಪು ಜನರ ಕೇರಿಗೆ ಆಂಬುಲೆನ್ಸು ಹೊತ್ತಿಗೆ ಬಾರದೆಂಬುದು ಗೀತದ ಅರ್ಥ. ಇದನ್ನು ನುಡಿಯುವವರು ನಾಯಕರಲ್ಲ, ಫ್ಲೇವ್. ಗಡಿಯಾರ ಹೊತ್ತವರೇ ಹೊತ್ತುಮೀರಿದ ಸಾವನ್ನು ಹೇಳುವಾಗ ಹಾಸ್ಯವು ಕರುಣದ ಅಂಗವಾಗುತ್ತದೆ. ನಾಯಕರ ಕ್ರೋಧದಿಂದ ಈ ಫಲವು ದೊರೆಯುತ್ತಿರಲಿಲ್ಲ.

ಗುಣವನ್ನು ಹೇಳಿದ ಮೇಲೆ ದೋಷವನ್ನು ಮುಚ್ಚಬಾರದು. ೧೯೮೯ರಲ್ಲಿ ಮೇಳದ ಪ್ರೊಫೆಸರ್ ಗ್ರಿಫ್ ಎಂಬವರು ಯೆಹೂದ್ಯರನ್ನು ನಿಂದಿಸಿ ಪತ್ರಿಕೆಯೊಂದಕ್ಕೆ ಮಾತನಾಡಿದರು. ಚಕ್ ಡಿಯವರು ಅವರನ್ನು ತೆಗೆದುಹಾಕಿದರಾದರೂ ಆ ಪ್ರಕರಣದುದ್ದಕ್ಕೂ ಅವರ ನಡೆಯಲ್ಲಿ ಸ್ಥೈರ್ಯ ಕಾಣಲಿಲ್ಲ. ಸ್ಪೈಕ್ ಲೀಯವರ ಚಲನಚಿತ್ರಕ್ಕಾಗಿ ‘ಫೈಟ್ ದ ಪವರ್’ ರಚಿತವಾದುದೂ ಅದೇ ವರ್ಷ. ಒಂದು ಜನಾಂಗದ ಅಪಮಾನಕ್ಕೆ ನಾಲಗೆಯಾದವರು ಇನ್ನೊಂದರ ಅಪಮಾನಕ್ಕೆ ತಡವರಿಸಿದರೆ ಅದು ಔಚಿತ್ಯಭಂಗ. ಕ್ಷೇಮೇಂದ್ರನ ಮತದಲ್ಲಿ ಔಚಿತ್ಯವೇ ಕಾವ್ಯದ ಪ್ರಾಣ.

೨೦೧೩ರಲ್ಲಿ ಈ ಮೇಳಕ್ಕೆ ರಾಕ್ ಅಂಡ್ ರೋಲ್ ಕೀರ್ತಿಮಂದಿರದಲ್ಲಿ ಸ್ಥಾನ ದೊರೆಯಿತು. ೨೦೨೦ರ ಮಾರ್ಚಿಯಲ್ಲಿ ರಾಜಕೀಯ ಸಭೆಯೊಂದರ ನಿಮಿತ್ತವಾಗಿ ಫ್ಲೇವ್ ಹೊರಹಾಕಲ್ಪಟ್ಟರೆಂಬ ಪ್ರಕಟಣೆ ಬಂದಿತು. ಅದು ಬರಿಯ ನಟನೆಯೆಂದು ಚಕ್ ಡಿಯವರು ಬಳಿಕ ಹೇಳಿದರು. ಅದೇ ಸೆಪ್ಟೆಂಬರಿನ ಮುದ್ರಿಕೆಯಲ್ಲಿ ಇಬ್ಬರ ಧ್ವನಿಯೂ ಕೂಡಿಯೇ ಇದ್ದಿತು. ನಟನೆಯಾಗಲಿ ನಿಜವಾಗಲಿ, ಅವರಲ್ಲೊಬ್ಬರನ್ನು ಕಳೆದು ಈ ಮೇಳವನ್ನು ಅಳೆಯಲಾಗದು. ನ್ಯಾಯಕ್ಕಾಗಿ ಕೂಗುವ ಕವಿಗೆ ತನ್ನ ಪಕ್ಕದಲ್ಲಿ ನಗುವವನೊಬ್ಬನು ಅವಶ್ಯಕ. ಜನರು ಕೂಗನ್ನು ಮರೆತಾರು, ನಗುತ್ತ ಕೇಳಿದ ದುಃಖವನ್ನು ಮರೆಯರು.