ಒಗ್ಗಿದ ಮೂಗು, ಕೋಶದೊಳಗಿನ ಕ್ಯಾಲ್ಸಿಯಂ

ಜೀವಕೋಶವೊಂದು ವಾಸನೆಯನ್ನು ಹೇಗೆ ಹಿಡಿಯುತ್ತದೆ ಎಂಬ ಪ್ರಶ್ನೆಗೆ ವಿಜ್ಞಾನಲೋಕ ದೊಡ್ಡ ಮನ್ನಣೆ ಕೊಟ್ಟಿದೆ. ವಾಸನೆಯ ಗ್ರಾಹಿಗಳ ಜೀನ್‌ಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಹಿಡಿದ ವಾಸನೆಗೆ ಅದೇ ಕೋಶ ಹೇಗೆ ಒಗ್ಗಿಹೋಗುತ್ತದೆ, ಎಷ್ಟು ಹೊತ್ತು ಮಂಕಾಗಿರುತ್ತದೆ ಎಂಬುದರ ಬಗ್ಗೆ ಅಷ್ಟು ಮಾತು ಕೇಳಿಬಂದಿಲ್ಲ. ಈ ಎರಡನೆಯ ಪ್ರಶ್ನೆಯನ್ನು ಎತ್ತಿಕೊಂಡ ಒಂದು ಪುಟ್ಟ ಸಂಶೋಧನೆ ನಮ್ಮದೇ ರಾಜ್ಯದ ನಂಟಿನದು. ದೇಶಪಾಂಡೆ, ವೆಂಕಟೇಶ್, ವೆರೋನಿಕಾ ರಾಡ್ರಿಗಸ್ ಮತ್ತು ಗೈತಿ ಹಸನ್ ಅವರ ಈ ಪ್ರಬಂಧ 2000ದಲ್ಲಿ ‘ಜರ್ನಲ್ ಆಫ್ ನ್ಯೂರೋಬಯಾಲಜಿ’ಯಲ್ಲಿ ಪ್ರಕಟವಾಯಿತು. ಇದರ ಹಿಂದಿದ್ದದ್ದು ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ, ಅಂದರೆ ಎನ್‌ಸಿಬಿಎಸ್‌ನ, ಬಳಗ. ಸಿಗಬೇಕಾದಷ್ಟು ಓದು ಅದಕ್ಕೆ ಸಿಕ್ಕಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕರಾವಳಿ ಸೀಮೆಯ ವಂಡ್ಸೆಯಲ್ಲಿ ಕೂತು ಇದನ್ನು ಓದುವವರಿಗೆ ವಿಷಯ ದೂರದ್ದಲ್ಲ. ಮಳೆಗಾಲಕ್ಕೆಂದು ಒಣಮೀನು ಕಟ್ಟಿಟ್ಟ ಮನೆಗೆ ಹೊರಗಿನವರು ಕಾಲಿಟ್ಟ ಕೂಡಲೇ ಮೂಗು ಮುಚ್ಚಿಕೊಳ್ಳುತ್ತಾರೆ. ಮನೆಯವರು ‘ಎಂತ ವಾಸ್ನಿಯೂ ಬತ್ತಿಲ್ಲೆ’ ಎನ್ನುತ್ತಾರೆ. ಹತ್ತಿರದ ಹೆಮ್ಮಾಡಿಯ ಸೇವಂತಿಗೆ ಗದ್ದೆಯಲ್ಲಿ ಹೂ ಕೊಯ್ಯುವವರಿಗೂ ಹೀಗೆಯೇ. ವಂಡ್ಸೆ ಗ್ರಾಮ ಪಂಚಾಯಿತಿಯ ಘನ-ದ್ರವ ಸಂಪನ್ಮೂಲ ನಿರ್ವಹಣೆಯ, ಅಂದರೆ ಎಸ್‌ಎಲ್‌ಆರ್‌ಎಂ ಘಟಕ ಹಸಿಕಸ, ಒಣಕಸ ವಿಂಗಡಣೆಯಿಂದ ಹೆಸರಾಗಿದೆ. ಅಂಥ ಕೆಲಸದಲ್ಲಿ ದಿನವಿಡೀ ನಿಲ್ಲುವವರ ಮೂಗೂ ಒಗ್ಗಲೇಬೇಕು. ಇದನ್ನು ನಾವು ಅಭ್ಯಾಸಬಲ ಎಂದುಬಿಡುತ್ತೇವೆ. ಅಭ್ಯಾಸದ ಒಂದು ಭಾಗ ಮಿದುಳಿನದು ನಿಜ. ಆದರೆ ಅದರ ಮೊದಲ ಮೆಟ್ಟಿಲು ಮೂಗಿನ ಕೋಶದಲ್ಲೇ ಇದೆ, ಅಲ್ಲಿನ ಕ್ಯಾಲ್ಸಿಯಂ ಅಯಾನುಗಳ ಏರಿಳಿತದಲ್ಲಿದೆ.

ಆ ಏರಿಳಿತವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮ ಮೂಗಿನ ಘ್ರಾಣಕೋಶದ ತುದಿಯಲ್ಲಿ ಲೋಳೆಯೊಳಗೆ ಹರಡಿಕೊಂಡ ಸೂಕ್ಷ್ಮ ರೋಮಗಳಿವೆ. ಒಂದೊಂದರ ದಪ್ಪ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ವಾಸನೆಯ ಅಣು ಗ್ರಾಹಿಗೆ ತಾಗಿದರೆ ರೋಮದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಹೆಚ್ಚುತ್ತದೆ, ಅದು ಪೊರೆಯ ನಾಳಗಳನ್ನು ತೆರೆಯುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಸುಮ್ಮನಿರುವ ಕೋಶದೊಳಗೆ ಕ್ಯಾಲ್ಸಿಯಂ ಹೊರಗಿನದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಕಿಂಡಿ ಅಣೆಕಟ್ಟಿನ ಒಂದೇ ಹಲಗೆ ಸರಿದರೂ ಸಣ್ಣ ಗದ್ದೆಗೆ ಉಪ್ಪುನೀರು ಹತ್ತುವ ಹಾಗೆ, ಇಷ್ಟು ಕಿರಿದಾದ ಜಾಗದಲ್ಲಿ ಕೆಲವೇ ಅಯಾನುಗಳು ಬಂದರೂ ಪ್ರಮಾಣ ಒಮ್ಮೆಲೇ ಏರುತ್ತದೆ. ಹೀಗೆ ಏರಿದ ಕ್ಯಾಲ್ಸಿಯಂ ಎರಡು ಕೆಲಸ ಮಾಡುತ್ತದೆ. ಕ್ಲೋರೈಡ್ ನಾಳಗಳನ್ನು ತೆರೆದು ಸಂಕೇತವನ್ನು ಬಲಪಡಿಸುತ್ತದೆ. ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನಿನ ಜೊತೆ ಸೇರಿ, ತಾನು ಒಳಬಂದ ನಾಳಗಳನ್ನೇ ತಗ್ಗಿಸುತ್ತದೆ. ಸಂಕೇತವನ್ನು ಎತ್ತುವುದೂ ಇಳಿಸುವುದೂ ಒಂದೇ ಅಯಾನು.

ಬೆಂಗಳೂರಿನ ಬಳಗ ಆರಿಸಿಕೊಂಡದ್ದು ಹಣ್ಣುನೊಣವನ್ನು. ನೊಣದ ವಾಸನೆಯ ಕೋಶಗಳು ಹೆಚ್ಚಾಗಿ ಆಂಟೆನಾದಲ್ಲಿರುತ್ತವೆ. ಕೋಶದೊಳಗಿನ ಸಂಗ್ರಹದಿಂದ ಕ್ಯಾಲ್ಸಿಯಂ ಬಿಡುಗಡೆ ಮಾಡುವ ಐಪಿ3 ಗ್ರಾಹಿಗೆ ವಾಸನೆಯಲ್ಲಿ ಏನು ಪಾತ್ರ ಎಂಬುದು ಅವರ ಪ್ರಶ್ನೆ. ಈ ಗ್ರಾಹಿಯ ಜೀನ್ ಪೂರ್ತಿ ಕೆಟ್ಟರೆ ನೊಣ ಪ್ರಾಯಕ್ಕೆ ಬರುವುದೇ ಇಲ್ಲ, ಮರಿಹುಳುವಾಗಿರುವಾಗಲೇ ಸಾಯುತ್ತದೆ. ಹಾಗಾಗಿ ಪ್ರಶ್ನೆ ಕೇಳುವುದೇ ಕಷ್ಟದ ಕೆಲಸ. ಆಂಟೆನಾಕ್ಕೆ ವಿದ್ಯುದ್ವಾರ ತಾಗಿಸಿ, ವಾಸನೆಯ ಗಾಳಿ ಬಿಟ್ಟಾಗ ವೋಲ್ಟೇಜು ಎಷ್ಟು ಬದಲಾಗುತ್ತದೆಂದು ಅಳೆಯುವುದು ವಿಧಾನ. ಐಪಿ3 ಗ್ರಾಹಿಯಲ್ಲಿ ದೋಷವಿದ್ದರೂ ಪ್ರಾಯಕ್ಕೆ ಬಂದ ನೊಣಗಳು ಮೊದಲ ವಾಸನೆಗೆ ಸರಿಯಾಗಿಯೇ ಸ್ಪಂದಿಸಿದವು. ವ್ಯತ್ಯಾಸ ಕಂಡದ್ದು ಆಮೇಲೆ: ಒಗ್ಗಿದ ಸ್ಥಿತಿ ಅವುಗಳಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಈ ಸಂಶೋಧನೆಯ ಹೆಚ್ಚುಗಾರಿಕೆ ಇಲ್ಲಿದೆ. ಒಗ್ಗುವಿಕೆ ಒಂದೇ ಘಟನೆಯಲ್ಲ, ಅದಕ್ಕೆ ಆರಂಭವೂ ಮುಂದುವರಿಕೆಯೂ ಬೇರೆಬೇರೆಯಾಗಿ ಇವೆ ಎಂದು ಅದು ತೋರಿಸಿತು. ಆ ಕಾಲದಲ್ಲಿ ಐಪಿ3 ದಾರಿಯೇ ವಾಸನೆಯ ಮುಖ್ಯ ಸಂಕೇತವೆಂದು ವಾದಿಸುವವರೂ ಇದ್ದರು. ಕಣ್ಣಿಗೆ ಕಂಡದ್ದಕ್ಕಿಂತ ಹೆಚ್ಚು ಹೇಳುವ ಆಸೆಗೆ ಬಲಿಯಾಗದೆ, ಐಪಿ3 ಗ್ರಾಹಿಯ ಪಾತ್ರ ಒಗ್ಗಿದ ಸ್ಥಿತಿಯನ್ನು ಉಳಿಸುವುದು ಎಂದಷ್ಟೇ ಲೇಖಕರು ಹೇಳಿದರು. ಮುಂದೆ, 2008ರಲ್ಲಿ, ಕೀಟದ ವಾಸನೆಯ ಗ್ರಾಹಿಗಳು ತಾವೇ ಅಯಾನು ನಾಳಗಳು ಎಂದು ಗೊತ್ತಾದಾಗ ಎಷ್ಟೋ ಹಳೆಯ ವಾದಗಳು ಸಡಿಲಾದವು. ಲೇಖಕರ ಈ ಮಾತು ಮಾತ್ರ ಅಲುಗಲಿಲ್ಲ. ಸಂಯಮಕ್ಕೆ ಸಿಗುವ ಫಲ ಇದು.

ಕೊರತೆಗಳನ್ನೂ ಹೇಳಲೇಬೇಕು. ಆಂಟೆನಾದಿಂದ ಸಿಗುವುದು ನೂರಾರು ಕೋಶಗಳ ಒಟ್ಟು ದನಿ. ಯಾವ ಕೋಶ ಬೇಗ ಚೇತರಿಸಿಕೊಂಡಿತು, ಯಾವುದು ತಡಮಾಡಿತು ಎಂಬುದು ಅದರಲ್ಲಿ ಕೇಳಿಸದು. ಅದಕ್ಕಿಂತ ದೊಡ್ಡದು, ಕಥೆಯ ನಾಯಕನಾದ ಕ್ಯಾಲ್ಸಿಯಂ ಇಲ್ಲಿ ನೇರವಾಗಿ ಕಾಣಿಸಿಕೊಳ್ಳುವುದಿಲ್ಲ. ಅಳೆದದ್ದು ವೋಲ್ಟೇಜು, ಕ್ಯಾಲ್ಸಿಯಂ ಊಹೆಯಿಂದ ಬಂದದ್ದು. ಊಹೆ ಬಲವಾದದ್ದೇ ಆದರೂ ಅದು ಊಹೆಯೇ.

ಇಲಿಗಳ ಮೇಲಿನ ನಂತರದ ಕೆಲಸವನ್ನು ಪಕ್ಕದಲ್ಲಿಟ್ಟರೆ ತೂಕ ಇನ್ನೂ ಸ್ಪಷ್ಟವಾಗುತ್ತದೆ. ಕ್ಯಾಲ್ಮಾಡ್ಯುಲಿನ್ ನಾಳವನ್ನು ತಗ್ಗಿಸುವುದರಿಂದಲೇ ಮೂಗು ಒಗ್ಗುತ್ತದೆ ಎಂದು ಪಠ್ಯಪುಸ್ತಕಗಳು ಬರೆಯುತ್ತಿದ್ದವು. 2008ರಲ್ಲಿ ನಾಳದಲ್ಲಿ ಕ್ಯಾಲ್ಮಾಡ್ಯುಲಿನ್ ಕೂರುವ ತಾಣವನ್ನೇ ಕೆಡಿಸಿ ನೋಡಿದಾಗ ಸಂಕೇತ ಆರುವುದು ನಿಧಾನವಾಯಿತು, ಮತ್ತೆ ಮತ್ತೆ ಬರುವ ವಾಸನೆಗೆ ಸ್ಪಂದಿಸುವ ಶಕ್ತಿ ಬದಲಾಗಲಿಲ್ಲ. 2011ರಲ್ಲಿ ಎನ್‌ಸಿಕೆಎಕ್ಸ್4 ಎಂಬ ಪ್ರೋಟೀನ್ ಕ್ಯಾಲ್ಸಿಯಂ ಅನ್ನು ಹೊರಹಾಕುತ್ತದೆ, ಅದಿಲ್ಲದ ಇಲಿಗಳಲ್ಲಿ ಸ್ಪಂದನೆ ಬೇಗ ಆರುವುದಿಲ್ಲ ಎಂದು ತಿಳಿಯಿತು. ಬರುವ ದಾರಿ, ಹೋಗುವ ದಾರಿ, ಸಂಗ್ರಹ, ಎಲ್ಲಕ್ಕೂ ಬೇರೆಬೇರೆ ಕೈಗಳು. ಒಗ್ಗುವಿಕೆಯನ್ನು ಬಿಡಿಸಿ ನೋಡಬೇಕೆಂಬ ಮಾತನ್ನು ಬೆಂಗಳೂರಿನವರು ನೊಣದಲ್ಲಿ ಅದಕ್ಕೂ ಮೊದಲೇ ಆಡಿದ್ದರು.

ಇದರಿಂದ ನಮ್ಮ ಬದುಕಿಗೆ ಸಿಗುವ ಪಾಠ ಖಚಿತವಾದದ್ದು. ಒಗ್ಗಿದ ಮೂಗನ್ನು ಸಾಕ್ಷಿಯೆಂದು ನಂಬಬಾರದು. ಅಡುಗೆ ಅನಿಲಕ್ಕೆ ಎಥಿಲ್ ಮರ್ಕ್ಯಾಪ್ಟನ್ ಬೆರೆಸುವುದು ಸೋರಿಕೆ ಮೂಗಿಗೆ ತಿಳಿಯಲಿ ಎಂದು. ಮಳೆಗೆ ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಸೋರಿಕೆ ನಿಧಾನವಾದರೆ ಅಲ್ಲೇ ಇರುವವರಿಗೆ ಅದು ತಿಳಿಯದೆ ಹೋಗಬಹುದು. ಹೊರಗಿನಿಂದ ಬಂದವರು ‘ಗ್ಯಾಸ್ ವಾಸನೆ’ ಎಂದರೆ ಅವರ ಮಾತಿಗೇ ಬೆಲೆ ಕೊಡಬೇಕು. ಕಸ ವಿಂಗಡಿಸುವವರು ‘ನಮಗೆ ರೂಢಿಯಾಗಿದೆ’ ಎಂದರೆ ಗಾಳಿ ಶುದ್ಧವಾಯಿತು ಎಂದಲ್ಲ. ಗವಸು, ಮುಖಗವಸು, ಗಾಳಿಬೆಳಕು ಅವರ ಹಕ್ಕು. ಅವರ ಸಹನೆಯನ್ನು ನೆಪ ಮಾಡಿ ಅದನ್ನು ಮೊಟಕು ಮಾಡುವುದು ಅನ್ಯಾಯ.

ಪ್ರಬಂಧದ ಲೇಖಕರಲ್ಲೊಬ್ಬರಾದ ರಾಡ್ರಿಗಸ್ 2010ರಲ್ಲಿ ತೀರಿಕೊಂಡರು. ಅವರ ಗುರು, ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದಿಕಿ, 2013ರಲ್ಲಿ. ಇವರ ಕೆಲಸ ಕನ್ನಡದ ವಿಜ್ಞಾನ ಪಾಠಗಳಲ್ಲಿ ಒಂದು ಪುಟವಾದರೂ ಆಗಬೇಕು. ಪ್ರಶ್ನೆಯನ್ನು ಸಣ್ಣದಾಗಿ ಕತ್ತರಿಸಿ, ಕಂಡಷ್ಟನ್ನೇ ಹೇಳಿ ನಿಲ್ಲಿಸುವ ಕಲೆಯನ್ನು ನಮ್ಮ ಮಕ್ಕಳು ಕಲಿಯಲು ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.